ಸರಾಸರಿ ಸರಿ ಇದೆ, ರೋಗಿಯ ಬಿಪಿ ಮಾತ್ರ ತಪ್ಪು

ಐಸಿಯುನಲ್ಲಿ ಒಬ್ಬ ರೋಗಿ ಮಲಗಿದ್ದಾರೆ. ಅವರ ಒಂದು ಮಣಿಕಟ್ಟಿನ ರಕ್ತನಾಳದೊಳಗೆ ಸಣ್ಣ ಕೊಳವೆ ಹಾಕಿದ್ದಾರೆ. ಅಲ್ಲಿ ಕೆಲಸ ಮಾಡುವವರು ಅದನ್ನು ಆರ್ಟರಿ ಲೈನ್ ಅಥವಾ ಸುಮ್ನೆ 'ಲೈನ್' ಅನ್ನುತ್ತಾರೆ. ಇನ್ನೊಂದು ತೋಳಿಗೆ ನಮಗೆಲ್ಲ ಗೊತ್ತಿರುವ ಬಿಪಿ ಪಟ್ಟಿ ಸುತ್ತಿದೆ. ಎರಡೂ ಒಂದೇ ಮಾನಿಟರ್‌ಗೆ ಸೇರಿವೆ. ಲೈನ್ 82/50 ತೋರಿಸುತ್ತಿದೆ. ಪಟ್ಟಿ 98/56 ಅನ್ನುತ್ತಿದೆ.

ಇಷ್ಟು ವ್ಯತ್ಯಾಸಕ್ಕೆ ಏನಂತೆ ಅನ್ನಿಸಬಹುದು. ಆದರೆ ಸರಾಸರಿ ಒತ್ತಡದ ಲೆಕ್ಕ ಹಾಕಿ ನೋಡಿ (ಮೇಲಿನ ಮತ್ತು ಕೆಳಗಿನ ಬಿಪಿಯ ವ್ಯತ್ಯಾಸದ ಮೂರನೇ ಒಂದು ಭಾಗವನ್ನು ಕೆಳಗಿನದಕ್ಕೆ ಕೂಡಿಸಬೇಕು). ಲೈನ್ ಪ್ರಕಾರ ಸುಮಾರು 61, ಪಟ್ಟಿಯ ಪ್ರಕಾರ 70. ಸೋಂಕು ಮೈಗೆಲ್ಲ ಏರಿ ಬಿಪಿ ಬಿದ್ದವರಲ್ಲಿ ಈ ಸರಾಸರಿಯನ್ನು 65ಕ್ಕಿಂತ ಮೇಲೆ ಇಡಬೇಕು ಎಂಬುದು ಈಗ ಎಲ್ಲೆಡೆ ಇರುವ ಗುರಿ. ಅಂದರೆ ಲೈನ್ ಮಾತು ಕೇಳಿದರೆ ಬಿಪಿ ಏರಿಸುವ ಔಷಧಿ ಜಾಸ್ತಿ ಮಾಡಬೇಕು. ಪಟ್ಟಿಯ ಮಾತು ಕೇಳಿದರೆ ಈಗಿರುವುದೇ ಸಾಕು. ಒಂದೇ ರೋಗಿ, ಒಂದೇ ನಿಮಿಷ, ಎರಡು ಚಿಕಿತ್ಸೆ.

ಹಾಗಾದರೆ ಪಟ್ಟಿ ಎಷ್ಟು ನಂಬಿಕೆಗೆ ಅರ್ಹ? ಈ ಪ್ರಶ್ನೆ ಬರೀ ಬಿಪಿಯದ್ದಲ್ಲ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್, ಹೃದಯ ನಿಮಿಷಕ್ಕೆ ಎಷ್ಟು ರಕ್ತ ತಳ್ಳುತ್ತದೆ ಎಂದು ಎದೆಯ ಮೇಲೆ ಅಂಟಿಸಿ ಅಳೆಯುವ ಯಂತ್ರ, ಬಿಪಿ ಹೇಳುತ್ತೇನೆ ಎನ್ನುವ ಕೈಗಡಿಯಾರ, ಎಲ್ಲವುಗಳ ಮುಂದೆಯೂ ಇದೇ ಪ್ರಶ್ನೆ ಇದೆ. ಚುಚ್ಚದೆ ಅಳೆಯುವುದು ಒಳ್ಳೆಯದೇ. ನೋವಿಲ್ಲ, ಸೋಂಕಿನ ಭಯವಿಲ್ಲ. ಆದರೆ ಚುಚ್ಚಿ ಅಳೆದ ಲೆಕ್ಕಕ್ಕೆ ಅದು ಎಷ್ಟು ಹತ್ತಿರ ಬರುತ್ತದೆ ಎಂದು ತೋರಿಸಿಕೊಡಬೇಕು. ಆ ತೋರಿಸುವ ಕೆಲಸದಲ್ಲೇ ಎಡವಟ್ಟು ಆಗುವುದು.

ಪರಿಪೂರ್ಣ ಅಂಕ, ಕೆಟ್ಟ ಯಂತ್ರ

ಒಂದು ಚಿಕ್ಕ ಲೆಕ್ಕ ಮಾಡೋಣ. ಇದು ನಾನೇ ಕಟ್ಟಿದ ಉದಾಹರಣೆ. ಐದು ರೋಗಿಗಳು. ಲೈನ್‌ನಲ್ಲಿ ಅವರ ಮೇಲಿನ ಬಿಪಿ 80, 100, 120, 140, 160. ಹೊಸ ಯಂತ್ರ ಅದೇ ಐವರಿಗೆ 100, 110, 120, 130, 140 ಎಂದು ಹೇಳಿತು ಅನ್ನಿ.

ಈಗ ಎರಡು ಸಾಲುಗಳ ನಡುವಿನ ಕೋರಿಲೇಶನ್, ಅಂದರೆ ಎರಡೂ ಎಷ್ಟು ಒಟ್ಟೊಟ್ಟಿಗೆ ಏರಿಳಿಯುತ್ತವೆ ಎಂಬ ಅಂಕ, ಲೆಕ್ಕ ಹಾಕಿ. ಸರಿಯಾಗಿ 1 ಬರುತ್ತದೆ. ಅದಕ್ಕಿಂತ ಮೇಲೆ ಅಂಕವೇ ಇಲ್ಲ. ಹೋಗಲಿ, ಸರಾಸರಿ ವ್ಯತ್ಯಾಸ ನೋಡೋಣ ಅಂದರೆ ಅದು ಸೊನ್ನೆ. ಎರಡೂ ಸಾಲಿನ ಸರಾಸರಿ 120. ಎರಡು ಸರಾಸರಿಗಳು ನಿಜಕ್ಕೂ ಬೇರೆಯೇ ಎಂದು ನೋಡುವ ಟಿ-ಟೆಸ್ಟ್ ಮಾಡಿದರೂ 'ವ್ಯತ್ಯಾಸ ಕಾಣಲಿಲ್ಲ' ಎಂದೇ ಬರುತ್ತದೆ. ಮೂರು ಪರೀಕ್ಷೆ, ಮೂರರಲ್ಲೂ ಪಾಸು. ಆದರೆ 80ಕ್ಕೆ ಇಳಿದು ಕುಸಿಯುತ್ತಿರುವ ರೋಗಿಗೆ ಈ ಯಂತ್ರ 'ನೂರು ಇದೆ, ಆರಾಮ' ಅನ್ನುತ್ತಿದೆ. 160 ಇರುವವರಿಗೆ 140 ಅನ್ನುತ್ತಿದೆ. ಯಾರ ಬಿಪಿ ಸರಿಯಾಗಿ ತಿಳಿಯಲೇಬೇಕೋ ಅವರಲ್ಲೇ ಇದು ತಪ್ಪುತ್ತಿದೆ.

ಉದಾಹರಣೆ ಕಟ್ಟಿದ್ದಾದರೂ ಹುಳುಕು ಕಟ್ಟಿದ್ದಲ್ಲ. ತಾನಾಗಿ ಉಬ್ಬಿ ಇಳಿಯುವ ಪಟ್ಟಿಯ ಯಂತ್ರಗಳು ಬಿಪಿ ತುಂಬಾ ಕಡಿಮೆ ಇದ್ದಾಗ ಲೈನ್‌ಗಿಂತ ಜಾಸ್ತಿ ತೋರಿಸುತ್ತವೆ, ತುಂಬಾ ಜಾಸ್ತಿ ಇದ್ದಾಗ ಕಡಿಮೆ ತೋರಿಸುತ್ತವೆ. ಐಸಿಯು ರೋಗಿಗಳ ಅಧ್ಯಯನಗಳಲ್ಲಿ ಇದು ಮತ್ತೆ ಮತ್ತೆ ಕಂಡಿದೆ.

ಕೋರಿಲೇಶನ್ ಯಾಕೆ ಮೋಸ ಮಾಡುತ್ತದೆ? ಅದು ಕೇಳುವ ಪ್ರಶ್ನೆಯೇ ಬೇರೆ. ಒಂದು ಏರಿದಾಗ ಇನ್ನೊಂದೂ ಸರಳ ಗೆರೆಯಂತೆ ಏರುತ್ತದಾ ಎಂದಷ್ಟೇ ಅದು ಕೇಳುತ್ತದೆ. ಎರಡೂ ಒಂದೇ ಅಂಕಿ ಹೇಳುತ್ತವಾ ಎಂದು ಕೇಳುವುದಿಲ್ಲ. ಅಡಿಯಲ್ಲೂ ಸೆಂಟಿಮೀಟರ್‌ನಲ್ಲೂ ಎತ್ತರ ಅಳೆದರೆ ಕೋರಿಲೇಶನ್ 1 ಬರುತ್ತದೆ. ಹಾಗಂತ 6 ಮತ್ತು 183 ಒಂದೇ ಅಂಕಿ ಅಲ್ವಲ್ಲ. ಮೇಲಾಗಿ ಅದನ್ನು ಹಿಗ್ಗಿಸುವುದು ತುಂಬಾ ಸುಲಭ. ಬಿಪಿ 60 ಇರುವವರಿಂದ ಹಿಡಿದು 220 ಇರುವವರ ತನಕ ಎಲ್ಲರನ್ನೂ ಅಧ್ಯಯನಕ್ಕೆ ಸೇರಿಸಿದರೆ, ಎಂಥ ಸಾಧಾರಣ ಯಂತ್ರಕ್ಕೂ 0.9 ಬಂದುಬಿಡುತ್ತದೆ. ಅದೇ ಯಂತ್ರವನ್ನು 110ರಿಂದ 130ರ ಒಳಗಿನವರ ಮೇಲೆ ಪರೀಕ್ಷಿಸಿದರೆ ಅಂಕ ದಡಕ್ಕನೆ ಬೀಳುತ್ತದೆ. ಯಂತ್ರ ಬದಲಾಗಿಲ್ಲ. ಸೇರಿಸಿದ ಜನ ಬದಲಾದರು, ಅಷ್ಟೇ.

ಟಿ-ಟೆಸ್ಟ್ ಕಥೆ ಇನ್ನೂ ವಿಚಿತ್ರ. ಯಂತ್ರ ಎಷ್ಟು ಅಡ್ಡಾದಿಡ್ಡಿ ಅಂಕಿ ಕೊಡುತ್ತದೋ, ಅದು ಅಷ್ಟು ಸುಲಭವಾಗಿ ಪಾಸಾಗುತ್ತದೆ. ಒಬ್ಬರಿಗೆ 30 ಜಾಸ್ತಿ, ಇನ್ನೊಬ್ಬರಿಗೆ 30 ಕಡಿಮೆ ಹೇಳಿದರೆ ಸರಾಸರಿಯಲ್ಲಿ ಎಲ್ಲ ಹೊಡೆದುಹೋಗುತ್ತದೆ. 'ವ್ಯತ್ಯಾಸ ಇದೆ ಎಂದು ಸಾಬೀತಾಗಲಿಲ್ಲ' ಎಂಬುದನ್ನು 'ಎರಡೂ ಒಂದೇ' ಎಂದು ಓದಿಕೊಳ್ಳುವುದು ಈ ಕ್ಷೇತ್ರದ ಹಳೆಯ ಕಾಯಿಲೆ.

ಇಬ್ಬರು ಸಂಖ್ಯಾಶಾಸ್ತ್ರಜ್ಞರು, ಒಂದು ಸರಳ ಗ್ರಾಫ್

ಈ ಕಾಯಿಲೆಗೆ ಮದ್ದು ಕೊಟ್ಟವರು ಬ್ರಿಟನ್ನಿನ ಡಗ್ಲಸ್ ಆಲ್ಟ್‌ಮನ್ ಮತ್ತು ಮಾರ್ಟಿನ್ ಬ್ಲಾಂಡ್. 1983ರಲ್ಲಿ ಸಂಖ್ಯಾಶಾಸ್ತ್ರಜ್ಞರಿಗಾಗಿ ಒಂದು ಲೇಖನ ಬರೆದರು. ವೈದ್ಯರು ಓದಲಿ ಎಂದು 1986ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದೇ ವಿಚಾರವನ್ನು ಇನ್ನೂ ಸರಳವಾಗಿ ಬರೆದರು. ವೈದ್ಯಕೀಯದಲ್ಲಿ ಅತಿ ಹೆಚ್ಚು ಬಾರಿ ಉಲ್ಲೇಖವಾದ ಲೇಖನಗಳಲ್ಲಿ ಅದೂ ಒಂದು.

ಅವರು ಹೇಳಿದ್ದರಲ್ಲಿ ದೊಡ್ಡ ಗಣಿತವೇನಿಲ್ಲ. ಪ್ರತಿ ಜೋಡಿ ಅಳತೆಗೂ ಎರಡರ ನಡುವಿನ ವ್ಯತ್ಯಾಸ ತೆಗೆಯಿರಿ. ಎರಡರ ಸರಾಸರಿಯನ್ನೂ ತೆಗೆಯಿರಿ. ಅಡ್ಡ ಗೆರೆಯ ಮೇಲೆ ಸರಾಸರಿ, ಉದ್ದ ಗೆರೆಯ ಮೇಲೆ ವ್ಯತ್ಯಾಸ ಇಟ್ಟು ಚುಕ್ಕೆ ಹಾಕಿ. ವ್ಯತ್ಯಾಸಗಳ ಸರಾಸರಿಗೆ ಒಂದು ಗೆರೆ ಎಳೆಯಿರಿ. ಯಂತ್ರ ಒಟ್ಟಾರೆ ಯಾವ ಕಡೆಗೆ ವಾಲುತ್ತದೆ ಎಂದು ಅದು ಹೇಳುತ್ತದೆ. ಆಮೇಲೆ ವ್ಯತ್ಯಾಸಗಳ ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಿಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಅಳತೆ) ತೆಗೆದು, ಅದರ 1.96 ಪಟ್ಟು ದೂರದಲ್ಲಿ ಮೇಲೊಂದು ಕೆಳಗೊಂದು ಗೆರೆ ಎಳೆಯಿರಿ. ನೂರರಲ್ಲಿ ಸುಮಾರು 95 ವ್ಯತ್ಯಾಸಗಳು ಈ ಎರಡು ಗೆರೆಗಳ ನಡುವೆ ಬೀಳುತ್ತವೆ. ಇವುಗಳನ್ನು ಹೊಂದಾಣಿಕೆಯ ಮಿತಿಗಳು ಎನ್ನೋಣ.

ಲ್ಯಾನ್ಸೆಟ್ ಲೇಖನದ ಉದಾಹರಣೆ ಊದಿ ಅಳೆಯುವ ಎರಡು ಮೀಟರ್‌ಗಳದ್ದು. ಉಸಿರು ಎಷ್ಟು ರಭಸವಾಗಿ ಹೊರಬರುತ್ತದೆ ಎಂದು ಅವು ಅಳೆಯುತ್ತವೆ. ಒಂದು ದೊಡ್ಡದು, ಒಂದು ಕೈಯಲ್ಲಿ ಹಿಡಿಯುವಂಥದ್ದು. 17 ಜನ ಊದಿದರು. ಕೋರಿಲೇಶನ್ 0.94. ಸರಾಸರಿ ವ್ಯತ್ಯಾಸ ನಿಮಿಷಕ್ಕೆ ಬರೀ 2 ಲೀಟರ್. ಇಲ್ಲಿಗೆ ನಿಲ್ಲಿಸಿದ್ದರೆ ಚಿಕ್ಕ ಮೀಟರ್‌ಗೆ ಹಾರ ಹಾಕಬಹುದಿತ್ತು. ಹೊಂದಾಣಿಕೆಯ ಮಿತಿಗಳು ಮಾತ್ರ 80 ಲೀಟರ್ ಕೆಳಗಿನಿಂದ 76 ಲೀಟರ್ ಮೇಲಿನವರೆಗೆ ಹೋದವು. ಒಬ್ಬ ರೋಗಿಯ ಚಿಕಿತ್ಸೆ ತೀರ್ಮಾನಿಸಲು ಇದು ತೀರಾ ದೊಡ್ಡ ಅಂತರ.

ನಮ್ಮ ಐದು ರೋಗಿಗಳನ್ನು ಇದೇ ಗ್ರಾಫ್ ಮೇಲೆ ಹಾಕಿ. ವ್ಯತ್ಯಾಸಗಳು +20, +10, 0, −10, −20. ಚುಕ್ಕೆಗಳು ಮೇಲಿನಿಂದ ಕೆಳಕ್ಕೆ ಜಾರುಬಂಡಿಯಂತೆ ಇಳಿಯುತ್ತವೆ. ಮಿತಿಗಳು ಎರಡೂ ಕಡೆ 31 ಪಾಯಿಂಟ್. ಕೋರಿಲೇಶನ್ ಮುಚ್ಚಿಟ್ಟಿದ್ದನ್ನು ಈ ಚಿತ್ರ ಒಂದೇ ನೋಟಕ್ಕೆ ಬಯಲು ಮಾಡುತ್ತದೆ. ಚುಕ್ಕೆಗಳು ಹೀಗೆ ಇಳಿಜಾರಾಗಿದ್ದರೆ ಇಡೀ ಗುಂಪಿಗೆ ಒಂದೇ ಮಿತಿ ಹೇಳುವುದೂ ತಪ್ಪು. ಆದರೂ ಎಷ್ಟೋ ಲೇಖನಗಳಲ್ಲಿ ಗ್ರಾಫ್ ಇಳಿಜಾರಾಗಿರುತ್ತದೆ, ಕೆಳಗಿನ ಬರಹದಲ್ಲಿ ಮಾತ್ರ 'ಸರಾಸರಿ ವ್ಯತ್ಯಾಸ ನಗಣ್ಯ' ಎಂದಿರುತ್ತದೆ. ಲೇಖಕರು ತಮ್ಮದೇ ಚಿತ್ರವನ್ನು ನೋಡಿಲ್ಲವೇನೋ ಅನ್ನಿಸುತ್ತದೆ.

ಅಡ್ಡ ಗೆರೆಯ ಮೇಲೆ ಎರಡರ ಸರಾಸರಿ ಯಾಕೆ, ಲೈನ್‌ನ ಅಂಕಿಯನ್ನೇ ಇಡಬಾರದಾ ಎಂಬ ಜಗಳ ಇನ್ನೂ ಮುಗಿದಿಲ್ಲ. ಲೈನ್‌ನ ಅಂಕಿ ಇಟ್ಟರೆ, ಅದರ ತಪ್ಪು ಎರಡೂ ಗೆರೆಗಳಲ್ಲಿ ಸೇರಿಕೊಂಡು, ಇಲ್ಲದ ಇಳಿಜಾರು ಇದ್ದಂತೆ ಕಾಣುತ್ತದೆ ಎಂದು ಬ್ಲಾಂಡ್ ಮತ್ತು ಆಲ್ಟ್‌ಮನ್ 1995ರಲ್ಲಿ ತೋರಿಸಿದರು. ಹೋಲಿಕೆಗೆ ಇಟ್ಟ ವಿಧಾನದಲ್ಲಿ ತಪ್ಪು ತೀರಾ ಕಡಿಮೆ ಇದ್ದರೆ ಅದನ್ನೇ ಇಡಬಹುದು ಎಂದು ಬೇರೆಯವರು ವಾದಿಸಿದ್ದಾರೆ. ಎರಡನೆಯ ವಾದ ಪ್ರಯೋಗಾಲಯದ ಕೆಲವು ಪರೀಕ್ಷೆಗಳಿಗೆ ಸರಿ ಹೋಗಬಹುದು. ಆರ್ಟರಿ ಲೈನ್‌ಗೆ ಹೋಗುವುದಿಲ್ಲ ಎಂದೇ ನನ್ನ ಅನಿಸಿಕೆ. ಯಾಕೆಂದರೆ ಲೈನ್ ಕೂಡ ಸಾಕಷ್ಟು ಸುಳ್ಳು ಹೇಳುತ್ತದೆ.

ಚುಚ್ಚಿದ ಮಾತ್ರಕ್ಕೆ ಸತ್ಯವಲ್ಲ

ಸ್ಟೀಫನ್ ಹೇಲ್ಸ್ ಕುದುರೆಯ ರಕ್ತನಾಳಕ್ಕೆ ಉದ್ದದ ಗಾಜಿನ ಕೊಳವೆ ಜೋಡಿಸಿ, ರಕ್ತ ಎಷ್ಟು ಎತ್ತರಕ್ಕೆ ಏರುತ್ತದೆ ಎಂದು ನೋಡಿದ ಪ್ರಯೋಗವನ್ನು 1733ರಲ್ಲಿ ಪ್ರಕಟಿಸಿದರು. ತೋಳಿಗೆ ಸುತ್ತುವ ಪಟ್ಟಿಯನ್ನು ರೀವಾ-ರೊಚ್ಚಿ ತಂದದ್ದು 1896ರಲ್ಲಿ. ಕೊರೊಟ್ಕೊವ್ ಅದಕ್ಕೆ ಸ್ಟೆತಸ್ಕೋಪ್ ಸೇರಿಸಿದ್ದು 1905ರಲ್ಲಿ. ಅಂದರೆ ಚುಚ್ಚಿ ಅಳೆಯುವುದೇ ಹಿರಿಯಣ್ಣ. ಆ ಹಿರಿತನದಿಂದಲೋ ಏನೋ, ಅದು ಹೇಳಿದ್ದೇ ಸತ್ಯ ಎಂಬ ನಂಬಿಕೆ ಬೇರೂರಿದೆ.

ಲೈನ್ ಹೇಗೆ ಕೆಲಸ ಮಾಡುತ್ತದೆ ನೋಡಿ. ರಕ್ತನಾಳದ ಒತ್ತಡ ಉಪ್ಪುನೀರು ತುಂಬಿದ ಉದ್ದ ಕೊಳವೆಯ ಮೂಲಕ ಹೊರಗಿನ ಟ್ರಾನ್ಸ್‌ಡ್ಯೂಸರ್‌ಗೆ, ಅಂದರೆ ಒತ್ತಡವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಸಾಧನಕ್ಕೆ, ತಲುಪುತ್ತದೆ. ಈ ಟ್ರಾನ್ಸ್‌ಡ್ಯೂಸರ್ ಹೃದಯದ ಮಟ್ಟದಲ್ಲೇ ಇರಬೇಕು. 10 ಸೆಂಟಿಮೀಟರ್ ಕೆಳಗೆ ಜಾರಿದರೆ ಬಿಪಿ ಸುಮಾರು 7.5 ಪಾಯಿಂಟ್ ಜಾಸ್ತಿ ಕಾಣುತ್ತದೆ. ಮಂಚವನ್ನು ಏರಿಸಿ ಇಳಿಸಿದರೂ ಸಾಕು, ಲೆಕ್ಕ ಏರುಪೇರು. ಕೊಳವೆಯಲ್ಲಿ ಗಾಳಿಗುಳ್ಳೆ ಸೇರಿದರೆ ಅಲೆ ಮೊಂಡಾಗುತ್ತದೆ. ಮೇಲಿನ ಬಿಪಿ ಇಳಿದು ಕೆಳಗಿನದು ಏರಿದಂತೆ ಕಾಣುತ್ತದೆ. ಇದಕ್ಕೆ ಉಲ್ಟಾ ಆಗಿ ಕೊಳವೆ ಅನುರಣಿಸತೊಡಗಿದರೆ, ಮೇಲಿನ ಬಿಪಿ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಎರಡೂ ಸಂದರ್ಭದಲ್ಲಿ ಸರಾಸರಿ ಒತ್ತಡ ಮಾತ್ರ ಹೆಚ್ಚು ಕೆಡುವುದಿಲ್ಲ.

ಪಟ್ಟಿಯ ಕಥೆಯೂ ಹೀಗೇ. ತಾನಾಗಿ ಉಬ್ಬುವ ಯಂತ್ರ ಗಾಳಿ ಬಿಡುತ್ತಾ ಹೋದಂತೆ ರಕ್ತನಾಳದ ಮಿಡಿತ ಪಟ್ಟಿಯೊಳಗೆ ಸಣ್ಣ ಅಲುಗಾಟ ಎಬ್ಬಿಸುತ್ತದೆ. ಅಲುಗಾಟ ಅತಿ ಜೋರಾಗಿರುವ ಹಂತ ಸರಾಸರಿ ಒತ್ತಡಕ್ಕೆ ಹತ್ತಿರ. ಮೇಲಿನ ಮತ್ತು ಕೆಳಗಿನ ಬಿಪಿಯನ್ನು ಯಂತ್ರ ನೇರವಾಗಿ ಅಳೆಯುವುದೇ ಇಲ್ಲ. ಕಂಪನಿಯ ಗುಟ್ಟಿನ ಸೂತ್ರದಿಂದ ಲೆಕ್ಕ ಹಾಕಿ ಹೇಳುತ್ತದೆ. ಹಾಗಾಗಿ ಪಟ್ಟಿಯ ಮೇಲಿನ ಬಿಪಿಯನ್ನು ಲೈನ್‌ನ ಮೇಲಿನ ಬಿಪಿಗೆ ಹೋಲಿಸಿದರೆ, ನಾವು ಒಂದು ಕಂಪನಿಯ ಸೂತ್ರವನ್ನು ಒಂದು ಕೊಳವೆಯ ಗುಣದ ಜೊತೆ ಹೋಲಿಸುತ್ತಿದ್ದೇವೆ. ಜೊತೆಗೆ ಪಟ್ಟಿ ಇರುವುದು ತೋಳಿನಲ್ಲಿ, ಲೈನ್ ಇರುವುದು ಮಣಿಕಟ್ಟಿನಲ್ಲಿ. ಹೃದಯದಿಂದ ದೂರ ಹೋದಂತೆ ಅಲೆಯ ತುದಿ ಚೂಪಾಗುತ್ತದೆ. ಎರಡೂ ಯಂತ್ರ ಸರಿ ಇದ್ದರೂ ಅಂಕಿ ಬೇರೆ ಬರಬಹುದು. ಸರಾಸರಿ ಒತ್ತಡದ ಹೋಲಿಕೆಯೇ ಹೆಚ್ಚು ನ್ಯಾಯವಾದದ್ದು.

ಇನ್ನೊಂದು ಸಣ್ಣ ವಿಷಯ, ಆದರೆ ಎಷ್ಟೋ ದತ್ತಾಂಶಗಳನ್ನು ಹಾಳು ಮಾಡುವಂಥದ್ದು. ಲೈನ್ ಇರುವ ಕೈಗೇ ಪಟ್ಟಿ ಕಟ್ಟಿದ್ದರೆ, ಪಟ್ಟಿ ಉಬ್ಬಿದಾಗ ಆ ಕೈಗೆ ರಕ್ತ ನಿಲ್ಲುತ್ತದೆ. ಲೈನ್‌ನ ಅಲೆ ಚಪ್ಪಟೆಯಾಗುತ್ತದೆ. ಪಕ್ಕದಲ್ಲಿ ನಿಂತ ನರ್ಸ್‌ಗೆ ಅದು ಗೊತ್ತಾಗುತ್ತದೆ. ಕಂಪ್ಯೂಟರ್ ಮಾತ್ರ ಆ ಸುಳ್ಳು ಅಂಕಿಯನ್ನೂ ನಿಷ್ಠೆಯಿಂದ ಬರೆದಿಡುತ್ತದೆ. ಆಮೇಲೆ ಯಾರೋ ಆ ದಾಖಲೆ ತೆಗೆದುಕೊಂಡು ಲಕ್ಷ ಜೋಡಿ ಅಳತೆಗಳ ಅಧ್ಯಯನ ಮಾಡುತ್ತಾರೆ.

ಸಾವಿರ ಚುಕ್ಕೆ, ಇಪ್ಪತ್ತು ಜನ

ದೊಡ್ಡ ಸಂಖ್ಯೆ ನೋಡಿ ಮರುಳಾಗಬಾರದು. 20 ರೋಗಿಗಳಿಂದ ತಲಾ 50 ಬಾರಿ ಅಳತೆ ತೆಗೆದರೆ ಸಾವಿರ ಚುಕ್ಕೆ ಸಿಗುತ್ತವೆ. ಸಾವಿರ ಜನರನ್ನು ಅಳೆದಂತೆ ಆಗುವುದಿಲ್ಲ. ಒಬ್ಬರ ತೋಳು ಊದಿಕೊಂಡಿದ್ದು, ಅವರಿಗೆ ಪಟ್ಟಿ ಸದಾ 12 ಪಾಯಿಂಟ್ ತಪ್ಪು ಹೇಳುತ್ತಿದ್ದರೆ, ಆ 50 ಚುಕ್ಕೆಗಳು ಒಂದೇ ಮಾತನ್ನು 50 ಸಲ ಹೇಳುತ್ತಿವೆ. ಎಲ್ಲವನ್ನೂ ಬೇರೆ ಬೇರೆ ಜನ ಎಂದುಕೊಂಡು ಲೆಕ್ಕ ಹಾಕಿದರೆ ಮಿತಿಗಳೂ ತಪ್ಪುತ್ತವೆ, ಅವುಗಳ ಮೇಲಿನ ಭರವಸೆಯಂತೂ ಪೂರ್ತಿ ಹುಸಿ. ಒಬ್ಬರಿಂದ ಒಬ್ಬರಿಗೆ ಆಗುವ ವ್ಯತ್ಯಾಸ, ಒಬ್ಬರಲ್ಲೇ ಹೊತ್ತಿಂದ ಹೊತ್ತಿಗೆ ಆಗುವ ವ್ಯತ್ಯಾಸ, ಇವೆರಡನ್ನೂ ಬೇರ್ಪಡಿಸಿ ಆಮೇಲೆ ಕೂಡಿಸಬೇಕು. ಇದರ ದಾರಿಯನ್ನು ಬ್ಲಾಂಡ್ ಮತ್ತು ಆಲ್ಟ್‌ಮನ್ 1999ರಲ್ಲಿ, ಮತ್ತೆ 2007ರಲ್ಲಿ ವಿವರವಾಗಿ ಬರೆದಿದ್ದಾರೆ. ಈಗ ಈ ಎರಡು ಬಗೆಯ ವ್ಯತ್ಯಾಸಗಳನ್ನು ಒಟ್ಟಿಗೇ ಲೆಕ್ಕ ಹಾಕುವ ಮಿಶ್ರ ಮಾದರಿಗಳನ್ನು ಬಳಸಿದರೆ ಸಾಫ್ಟ್‌ವೇರ್ ಇದನ್ನು ನಿಮಿಷದಲ್ಲಿ ಮಾಡುತ್ತದೆ. ಮಾಡದೇ ಇರುವುದಕ್ಕೆ ನೆಪವಿಲ್ಲ.

ಪ್ರತಿಯೊಬ್ಬರಿಂದ ಒಂದೇ ಜೋಡಿ ತೆಗೆದರೂ 20 ಜನ ಸಾಲುವುದಿಲ್ಲ. ವ್ಯತ್ಯಾಸಗಳ ಸ್ಟ್ಯಾಂಡರ್ಡ್ ಡೀವಿಯೇಷನ್ 8 ಬಂತು ಅನ್ನಿ. ಮಿತಿ ಸುಮಾರು 16. ಆದರೆ 20 ಜನರ ಮೇಲೆ ನಿಂತ ಈ 16 ಎಂಬುದು ನಿಜಕ್ಕೂ 9 ಇರಬಹುದು, 22 ಕೂಡ ಇರಬಹುದು. 9 ಆದರೆ ಯಂತ್ರ ಬಳಸಬಹುದು, 22 ಆದರೆ ಮೂಲೆಗೆ ಎಸೆಯಬೇಕು. ಮಿತಿಯ ಸುತ್ತ ಈ ಅನಿಶ್ಚಿತತೆಯನ್ನು ಬರೆಯದ ಲೇಖನಗಳೇ ಜಾಸ್ತಿ.

ಎಷ್ಟು ತಪ್ಪಿದರೆ ಪರವಾಗಿಲ್ಲ?

ಇಲ್ಲಿಗೆ ಬಂದಾಗ ಸಂಖ್ಯಾಶಾಸ್ತ್ರ ಕೈ ತೊಳೆದುಕೊಳ್ಳುತ್ತದೆ, ಮತ್ತು ಅದು ಸರಿಯೇ. ಮಿತಿ 16 ಎಂದು ಅದು ಹೇಳಬಲ್ಲದು. 16 ಜಾಸ್ತಿಯೋ ಕಡಿಮೆಯೋ ಎಂದು ಹೇಳಲಾರದು. ಮಂಚದ ಪಕ್ಕ ನಿಂತು ಔಷಧಿ ಏರಿಸುವವರು ಅದನ್ನು ಹೇಳಬೇಕು. ಅದೂ ಅಧ್ಯಯನ ಶುರುವಾಗುವ ಮೊದಲೇ. ನನ್ನ ದೊಡ್ಡ ತಕರಾರು ಇರುವುದು ಇಲ್ಲೇ. ಅಂಕಿ ಕೈಗೆ ಬಂದ ಮೇಲೆ 'ಒಪ್ಪಬಹುದಾದ ಹೊಂದಾಣಿಕೆ' ಎಂದು ಬರೆದರೆ, ಬಾಣ ಬಿಟ್ಟ ಮೇಲೆ ಅದರ ಸುತ್ತ ಗುರಿ ಬರೆದ ಹಾಗೆ.

ಬಿಪಿ ಯಂತ್ರಗಳಿಗೆ ಮೊದಲೇ ಬರೆದಿಟ್ಟ ಗುರಿ ಇದೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಕನಿಷ್ಠ 85 ಜನ, 255 ಅಳತೆ ಬೇಕು. ಸರಾಸರಿ ವ್ಯತ್ಯಾಸ 5 ಪಾಯಿಂಟ್ ಮೀರಬಾರದು. ಸ್ಟ್ಯಾಂಡರ್ಡ್ ಡೀವಿಯೇಷನ್ 8 ದಾಟಬಾರದು. ಕೇಳಲು ಬಿಗಿಯಾಗಿಯೇ ಇದೆ. ಆದರೆ ಅಂಚಿನಲ್ಲಿ ಪಾಸಾದ ಯಂತ್ರದ ಮಿತಿ ಲೆಕ್ಕ ಹಾಕಿದರೆ, 10.7 ಕೆಳಗಿನಿಂದ 20.7 ಮೇಲಿನವರೆಗೆ ಹೋಗುತ್ತದೆ. ಪಾಸಾದ ಯಂತ್ರವೂ ಯಾರೋ ಒಬ್ಬರಿಗೆ 20 ಪಾಯಿಂಟ್ ಜಾಸ್ತಿ ಹೇಳಬಹುದು ಎಂದಾಯಿತು. ಮನೆಯಲ್ಲಿ ತಿಂಗಳುಗಟ್ಟಲೆ ಅಳೆದು ಸರಾಸರಿ ನೋಡುವವರಿಗೆ ಇದು ನಡೆಯುತ್ತದೆ. ಮೊದಲಲ್ಲಿ ನೋಡಿದ ಐಸಿಯು ರೋಗಿಗೆ ನಡೆಯುವುದಿಲ್ಲ.

ಹೃದಯ ತಳ್ಳುವ ರಕ್ತದ ಅಳತೆಯಲ್ಲಿ ಬೇರೆ ಗುರಿ ಇದೆ. 1970ರಲ್ಲಿ ಸ್ವಾನ್ ಮತ್ತು ಗಾಂಝ್ ತಂದ ಕ್ಯಾತಿಟರ್ ಎಂಬ ತೆಳು ಕೊಳವೆ ಶ್ವಾಸಕೋಶದ ರಕ್ತನಾಳದವರೆಗೆ ಹೋಗುತ್ತದೆ. ಅದರ ಮೂಲಕ ತಣ್ಣನೆಯ ದ್ರವ ಬಿಟ್ಟು, ರಕ್ತದ ಉಷ್ಣತೆ ಹೇಗೆ ಇಳಿದು ಏರುತ್ತದೆ ಎಂದು ನೋಡಿ ಲೆಕ್ಕ ಹಾಕುತ್ತಾರೆ. ಈ ವಿಧಾನವೇ ಶೇ 20ರಷ್ಟು ಅತ್ತಿತ್ತ ಆಗುತ್ತದೆ. 1999ರಲ್ಲಿ ಕ್ರಿಚ್ಲಿ ಎಂಬ ಒಂದೇ ಹೆಸರಿನ ಇಬ್ಬರು ಸಂಶೋಧಕರು ಒಂದು ಸರಳ ಮಾತು ಹೇಳಿದರು. ಹೊಸ ಯಂತ್ರವೂ ಹಳೆಯದರಷ್ಟೇ, ಅಂದರೆ ಶೇ 20 ತಪ್ಪಬಹುದು ಎಂದು ಬಿಟ್ಟುಕೊಡೋಣ. ಎರಡೂ ತಪ್ಪುಗಳು ಸೇರಿದರೆ 40 ಆಗುವುದಿಲ್ಲ. ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 28.3 ಬರುತ್ತದೆ. ಅದನ್ನು 30 ಎಂದು ಇಟ್ಟುಕೊಂಡರು. ಮಿತಿಯನ್ನು ಸರಾಸರಿ ರಕ್ತದ ಪ್ರಮಾಣದಿಂದ ಭಾಗಿಸಿದರೆ ಶೇ 30ರ ಒಳಗೆ ಬರಬೇಕು. ಸರಾಸರಿ ನಿಮಿಷಕ್ಕೆ 5 ಲೀಟರ್, ಸ್ಟ್ಯಾಂಡರ್ಡ್ ಡೀವಿಯೇಷನ್ 1 ಲೀಟರ್ ಇದ್ದರೆ ಶೇ 39. ಫೇಲು.

ಈ 30 ಎಂಬ ಅಂಕಿ ಆಮೇಲೆ ಮಂತ್ರವಾಯಿತು. ಅದು ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆಯಾದರು. ಹಳೆಯ ವಿಧಾನದ ತಪ್ಪು ಶೇ 20 ಎಂಬ ಊಹೆಯ ಮೇಲೆ ಅದು ನಿಂತಿದೆ. ಯಾವುದಾದರೂ ಅಧ್ಯಯನದಲ್ಲಿ ಹಳೆಯದನ್ನು ಜಾಗ್ರತೆಯಿಂದ ಅಳೆದು ಬರೀ ಶೇ 10 ತಪ್ಪು ಬಂದಿದ್ದರೆ, ಒಟ್ಟು 30 ಬಂದ ಹೊಸ ಯಂತ್ರದ ಸ್ವಂತ ತಪ್ಪು ಶೇ 28! ಇನ್ನೊಂದು ಕಡೆ ಹಳೆಯದನ್ನೇ ಅವಸರದಲ್ಲಿ ಅಳೆದಿದ್ದರೆ, ಆ ತಪ್ಪೂ ಹೊಸದರ ತಲೆಗೆ ಬರುತ್ತದೆ. ಎರಡೂ ವಿಧಾನಗಳನ್ನು ಮತ್ತೆ ಮತ್ತೆ ಅಳೆದು, ತಮ್ಮ ಜೊತೆ ತಾವೇ ಎಷ್ಟು ಹೊಂದುತ್ತವೆ ಎಂದು ಮೊದಲು ನೋಡಬೇಕು. ತನ್ನ ಮಾತಿಗೇ ತಾನು ನಿಲ್ಲದ ಯಂತ್ರ ಇನ್ನೊಂದರ ಜೊತೆ ಹೊಂದುವುದು ಎಲ್ಲಿಂದ? ಅಂದ ಹಾಗೆ, 2010ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಸ್ವಾನ್-ಗಾಂಝ್ ಬದಲು ಬಂದ ನಾಲ್ಕು ಬಗೆಯ ವಿಧಾನಗಳಲ್ಲಿ ನಾಲ್ಕೂ ಶೇ 40ಕ್ಕಿಂತ ಮೇಲೆ ನಿಂತವು. ಆದರೂ ಅವು ಬಳಕೆಯಲ್ಲಿವೆ. ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿದರೆ ಸಾಕು ಎಂಬುದು ಅವುಗಳ ಪರ ವಾದ.

ಆ ವಾದದಲ್ಲಿ ಹುರುಳಿದೆ, ಆದರೆ ಅದನ್ನೂ ತೋರಿಸಿಕೊಡಬೇಕಲ್ಲ. ಅದಕ್ಕೆ ಬ್ಲಾಂಡ್-ಆಲ್ಟ್‌ಮನ್ ಗ್ರಾಫ್ ಸಾಲದು. ನಾಲ್ಕು ಮನೆಯ ಗ್ರಾಫ್ ಬೇಕು. ಅಡ್ಡಕ್ಕೆ ಹಳೆಯ ವಿಧಾನದಲ್ಲಿ ಆದ ಬದಲಾವಣೆ, ಉದ್ದಕ್ಕೆ ಹೊಸದರಲ್ಲಿ ಆದ ಬದಲಾವಣೆ. ಎರಡೂ ಏರಿದರೆ ಅಥವಾ ಎರಡೂ ಇಳಿದರೆ ಒಪ್ಪಿಗೆ. ಒಂದು ಏರಿ ಒಂದು ಇಳಿದರೆ ತಕರಾರು. ಶೇ 15ಕ್ಕಿಂತ ಚಿಕ್ಕ ಬದಲಾವಣೆಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಉಳಿದವುಗಳಲ್ಲಿ ಶೇ 92ಕ್ಕಿಂತ ಹೆಚ್ಚು ಒಂದೇ ದಿಕ್ಕಿಗೆ ಇದ್ದರೆ ಒಳ್ಳೆಯದು ಎಂಬುದು ಚಾಲ್ತಿಯಲ್ಲಿರುವ ಅಳತೆಗೋಲು. ದಿಕ್ಕು ಸರಿ ಇದ್ದು ಪ್ರಮಾಣ ತಪ್ಪಿದರೆ ಇದು ಹಿಡಿಯುವುದಿಲ್ಲ. ಅದಕ್ಕೇ ಕೋನಗಳಲ್ಲಿ ಲೆಕ್ಕ ಹಾಕುವ ಪೋಲಾರ್ ಗ್ರಾಫ್ ಬಂತು.

ಬೆರಳ ತುದಿಯ ಪಾಠ

ಸರಾಸರಿ ಎಂಥ ಅನಾಹುತವನ್ನು ಮುಚ್ಚಿಡಬಲ್ಲದು ಎಂದು ಜಗತ್ತಿಗೆ ತೋರಿಸಿದ್ದು ಪಲ್ಸ್ ಆಕ್ಸಿಮೀಟರ್. ಬೆರಳಿನ ಮೂಲಕ ಎರಡು ಬಗೆಯ ಬೆಳಕು ಹಾಯಿಸಿ, ಎಷ್ಟು ಹೀರಿಕೊಂಡಿತು ಎಂದು ನೋಡಿ ಅದು ಆಮ್ಲಜನಕದ ಮಟ್ಟ ಹೇಳುತ್ತದೆ. 1970ರ ದಶಕದಲ್ಲಿ ಜಪಾನಿನ ತಕುವೊ ಅವೋಯಾಗಿ ಇದರ ಮೂಲ ಉಪಾಯ ಕಂಡುಕೊಂಡರು. ಬೆಳಕಿನಿಂದ ಬಂದ ಲೆಕ್ಕವನ್ನು ಆಮ್ಲಜನಕದ ಅಂಕಿಗೆ ಬದಲಿಸಲು ಶುದ್ಧ ಸೂತ್ರವಿಲ್ಲ. ಆರೋಗ್ಯವಂತ ಸ್ವಯಂಸೇವಕರಿಗೆ ಆಮ್ಲಜನಕ ಕಡಿಮೆ ಇರುವ ಗಾಳಿ ಉಸಿರಾಡಿಸಿ, ರಕ್ತ ತೆಗೆದು ಪರೀಕ್ಷಿಸಿ, ಅಂಕಿಗೆ ಅಂಕಿ ಹೊಂದಿಸಿ ಕೋಷ್ಟಕ ಮಾಡುತ್ತಾರೆ. ಆ ಸ್ವಯಂಸೇವಕರು ಯಾರು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಇದರ ನಿಖರತೆಗೆ ಒಂದೇ ಅಂಕಿ ಕೊಡುತ್ತಾರೆ. ಪ್ರತಿ ತಪ್ಪನ್ನೂ ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಹಾಕಿದ್ದು. ವಾಲುವಿಕೆ ಮತ್ತು ಚದುರುವಿಕೆ ಎರಡನ್ನೂ ಅದು ಒಂದೇ ಪಾತ್ರೆಗೆ ಸುರಿದು ಕಲಸುತ್ತದೆ. ಔಷಧಿ ಮತ್ತು ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಅಮೆರಿಕದ ಎಫ್‌ಡಿಎ 2013ರ ಮಾರ್ಗಸೂಚಿಯಲ್ಲಿ ಬೆರಳಿಗೆ ಹಾಕುವ ಸಾಧನಕ್ಕೆ ಇದು 3 ಶೇಕಡಾ ಅಂಶದ ಒಳಗಿರಲಿ ಎಂದಿತು. ಹತ್ತು ಅಥವಾ ಹೆಚ್ಚು ಜನ, 200 ಜೋಡಿ ಅಳತೆ ಸಾಕು. ಅವರಲ್ಲಿ ಕಡು ಬಣ್ಣದ ಚರ್ಮದವರು ಕನಿಷ್ಠ ಇಬ್ಬರು ಅಥವಾ ಶೇ 15, ಯಾವುದು ಹೆಚ್ಚೋ ಅದು. 3 ಅಂದರೆ ಶೇ 95ರಷ್ಟು ಅಳತೆಗಳು ಸುಮಾರು 6 ಅಂಶದೊಳಗೆ ಇರುತ್ತವೆ ಎಂದರ್ಥ. 92 ಎಂದು ಕಂಡಾಗ ನಿಜಕ್ಕೂ 86 ಇರಬಹುದು.

2020ರ ಡಿಸೆಂಬರ್‌ನಲ್ಲಿ ಮಿಷಿಗನ್‌ನ ವೈದ್ಯರ ತಂಡವೊಂದು ಆಸ್ಪತ್ರೆಯ ದಾಖಲೆಗಳನ್ನು ಬೇರೆ ರೀತಿಯಲ್ಲಿ ಕೇಳಿತು. ಸರಾಸರಿ ಎಷ್ಟು ತಪ್ಪು ಎಂದು ಕೇಳಲಿಲ್ಲ. ಆಕ್ಸಿಮೀಟರ್ 92ರಿಂದ 96ರ ನಡುವೆ ಇದೆ ಅಂದಾಗ, ರಕ್ತ ತೆಗೆದು ನೋಡಿದರೆ 88ಕ್ಕಿಂತ ಕೆಳಗೆ ಎಷ್ಟು ಸಲ ಇತ್ತು ಎಂದು ಕೇಳಿತು. ಬಿಳಿಯ ರೋಗಿಗಳ ಅಳತೆಗಳಲ್ಲಿ ಶೇ 3.6. ಕಪ್ಪು ರೋಗಿಗಳಲ್ಲಿ ಶೇ 11.7. ಸುಮಾರು ಮೂರು ಪಟ್ಟು. ಎಲ್ಲರನ್ನೂ ಒಂದೇ ಗ್ರಾಫ್‌ಗೆ ಹಾಕಿದ್ದರೆ ಇದು ಒಂದೆರಡು ಅಂಶದ ವಾಲುವಿಕೆಯಾಗಿ ಕರಗಿಹೋಗುತ್ತಿತ್ತು. ಈ ಪ್ರಶ್ನೆಯ ಜಾಣತನ ಅದರ ದಿಕ್ಕಿನಲ್ಲಿದೆ. ವೈದ್ಯರ ಕಣ್ಣಿಗೆ ಕಾಣುವುದು ಆಕ್ಸಿಮೀಟರ್‌ನ ಅಂಕಿ. ಅಲ್ಲಿಂದ ಶುರು ಮಾಡಿ ನಿಜ ಏನಿತ್ತು ಎಂದು ಕೇಳಿದರು. ಎಫ್‌ಡಿಎ 2025ರ ಜನವರಿಯಲ್ಲಿ ಹೊಸ ಕರಡು ತಂದು, ಹತ್ತು ಜನರ ಜಾಗದಲ್ಲಿ 150 ಅಥವಾ ಹೆಚ್ಚು ಜನ ಇರಲಿ, ಚರ್ಮದ ಬಣ್ಣವನ್ನು ಕಣ್ಣಂದಾಜಿಗೆ ಬಿಡದೆ ಅಳೆದು ಬರೆಯಲಿ ಎಂದಿತು.

ಹೀಗೆ ತೀರ್ಮಾನದಿಂದ ಹಿಂದಕ್ಕೆ ಯೋಚಿಸುವ ಇನ್ನೊಂದು ಸಾಧನ ಎರರ್ ಗ್ರಿಡ್. ಸಕ್ಕರೆ ಅಳೆಯುವ ಮೀಟರ್‌ಗಳಿಗಾಗಿ ಕ್ಲಾರ್ಕ್ ಮತ್ತು ಜೊತೆಗಾರರು 1987ರಲ್ಲಿ ಇದನ್ನು ತಂದರು. ಗ್ರಾಫ್ ಅನ್ನು ಎ ಇಂದ ಇ ತನಕ ವಲಯಗಳಾಗಿ ಹಂಚುತ್ತಾರೆ. ತಪ್ಪು ಎಷ್ಟು ದೊಡ್ಡದು ಎಂಬುದಕ್ಕಿಂತ, ಆ ತಪ್ಪನ್ನು ನಂಬಿ ಚಿಕಿತ್ಸೆ ಮಾಡಿದರೆ ಏನಾಗುತ್ತದೆ ಎಂಬುದರ ಮೇಲೆ ವಲಯ ನಿಂತಿದೆ. 2018ರಲ್ಲಿ ಬಿಪಿಗೂ ಇಂಥ ಗ್ರಿಡ್ ಬಂತು. 140ನ್ನು 155 ಎಂದರೆ ಹೆಚ್ಚೇನೂ ಆಗದು. 75ನ್ನು 90 ಎಂದರೆ ಆಗುತ್ತದೆ. ಎರಡೂ 15 ಪಾಯಿಂಟ್ ತಪ್ಪೇ.

ಏನನ್ನೂ ಅಳೆಯದ ಗಡಿಯಾರ

ಈಗ ಮಾರುಕಟ್ಟೆಯಲ್ಲಿ ಗದ್ದಲ ಎಬ್ಬಿಸಿರುವುದು ಪಟ್ಟಿಯೇ ಇಲ್ಲದೆ ಬಿಪಿ ಹೇಳುವ ಗಡಿಯಾರ, ಉಂಗುರಗಳು. ಇವುಗಳಲ್ಲಿ ಎಷ್ಟೋ ಸಾಧನಗಳನ್ನು ಮೊದಲು ಸಾಮಾನ್ಯ ಪಟ್ಟಿಯಲ್ಲಿ ಅಳೆದು ಹೊಂದಿಸಿಕೊಳ್ಳಬೇಕು. ಆಮೇಲೆ ನಾಡಿಯ ಅಲೆ ನೋಡಿ, ಏರಿಳಿತ ಹೇಳುತ್ತೇವೆ ಅನ್ನುತ್ತವೆ.

ಇಲ್ಲೊಂದು ಚೇಷ್ಟೆಯ ಲೆಕ್ಕ ಮಾಡೋಣ. ಒಂದು ಗಡಿಯಾರ ಏನನ್ನೂ ಅಳೆಯುವುದಿಲ್ಲ ಅನ್ನಿ. ಹೊಂದಿಸಿದ ದಿನ ಪಟ್ಟಿ ಹೇಳಿದ ಅಂಕಿಯನ್ನು ನೆನಪಿಟ್ಟುಕೊಂಡು ಅದನ್ನೇ ಹೇಳುತ್ತಿರುತ್ತದೆ. ಜನರಿಂದ ಜನಕ್ಕೆ ಬಿಪಿ 18 ಪಾಯಿಂಟ್ ಸ್ಟ್ಯಾಂಡರ್ಡ್ ಡೀವಿಯೇಷನ್‌ನಷ್ಟು ಬೇರೆ ಇರುತ್ತದೆ, ಒಬ್ಬರಲ್ಲೇ ಕುಳಿತು ವಿಶ್ರಾಂತಿಯಲ್ಲಿದ್ದಾಗ 5 ಪಾಯಿಂಟ್ ಅತ್ತಿತ್ತ ಆಗುತ್ತದೆ ಎಂದುಕೊಳ್ಳೋಣ. ಈ ಮೋಸದ ಗಡಿಯಾರವನ್ನು ಪರೀಕ್ಷಿಸಿದರೆ ಸರಾಸರಿ ವ್ಯತ್ಯಾಸ ಸೊನ್ನೆ, ಸ್ಟ್ಯಾಂಡರ್ಡ್ ಡೀವಿಯೇಷನ್ 7.1, ಕೋರಿಲೇಶನ್ 0.93 ಬರುತ್ತದೆ. 5 ಮತ್ತು 8ರ ಗುರಿಯೊಳಗೆ ಆರಾಮವಾಗಿ ಕೂರುತ್ತದೆ. ಬ್ಲಾಂಡ್-ಆಲ್ಟ್‌ಮನ್ ಗ್ರಾಫ್ ಕೂಡ ಚೆಂದವಾಗಿ ಕಾಣುತ್ತದೆ. ವಿಧಾನದ ತಪ್ಪಲ್ಲ. ಕುಳಿತಲ್ಲೇ ಕೂರಿಸಿ ಕೇಳಿದ ಪ್ರಶ್ನೆಯ ತಪ್ಪು.

ಅದಕ್ಕೇ ಯುರೋಪಿನ ಹೈಪರ್‌ಟೆನ್ಶನ್ ಸೊಸೈಟಿ 2023ರಲ್ಲಿ ಇಂಥ ಸಾಧನಗಳಿಗೆ ಆರು ಬೇರೆ ಬೇರೆ ಪರೀಕ್ಷೆಗಳನ್ನು ಸೂಚಿಸಿತು. ಕುಳಿತು ಅಳೆಯುವುದು ಅದರಲ್ಲಿ ಒಂದು ಮಾತ್ರ. ಕೈಯನ್ನು ಮೇಲೆ ಕೆಳಗೆ ಇಟ್ಟು ನೋಡುವುದು, ಎಚ್ಚರ ಮತ್ತು ನಿದ್ದೆಯಲ್ಲಿ ನೋಡುವುದು, ವ್ಯಾಯಾಮ ಮಾಡಿಸಿ ನೋಡುವುದು, ಮತ್ತೆ ಹೊಂದಿಸುವ ದಿನ ಬರುವ ಮೊದಲು ಅಂಕಿ ಎಷ್ಟು ಜಾರಿದೆ ಎಂದು ನೋಡುವುದು ಇವೆ. ಇನ್ನೊಂದು ಔಷಧಿಯ ಪರೀಕ್ಷೆ. ಬಿಪಿ ಮಾತ್ರೆ ಶುರು ಮಾಡುವ ಮೊದಲೊಮ್ಮೆ, ಕೆಲವು ವಾರಗಳ ನಂತರ ಇನ್ನೊಮ್ಮೆ ಅಳೆಯಬೇಕು. ಮಾತ್ರೆ ಕೆಲಸ ಮಾಡಿ ಪಟ್ಟಿಯಲ್ಲಿ 158 ಇದ್ದದ್ದು 136ಕ್ಕೆ ಇಳಿದಿರುತ್ತದೆ. ನಮ್ಮ ಗಡಿಯಾರ ಇನ್ನೂ 158 ಎಂದೇ ತೋರಿಸುತ್ತಾ ಕೂತಿರುತ್ತದೆ.